ಒರೆಸದೆ ಬಿಟ್ಟ ಗಾಜು

ಆ ಸಂಜೆ ಲ್ಯಾಪ್‌ಟಾಪಿನ ಪರದೆಯ ಮೇಲೆ, ಒಂದು ನಕ್ಷತ್ರದ ಬೆಳಕನ್ನು ಅಳೆದು ತೋರಿಸುವ ಬಿಂದುಗಳ ಸಾಲು ಕೆಳಗಿಳಿಯುವುದನ್ನು ನಾನು ಕಣ್ಣಾರೆ ನೋಡಿದೆ. ಇಳಿಯಿತು, ಸ್ವಲ್ಪ ಹೊತ್ತು ಅಲ್ಲೇ ಸಾಗಿತು, ಮತ್ತೆ ಮೇಲೇರಿ ಮೊದಲಿನ ಮಟ್ಟಕ್ಕೆ ಬಂತು. ಪಕ್ಕದಲ್ಲಿ ಕೂತಿದ್ದ ಮೇಡಂ ‘ಅಣ್ಣಾ, ಅಣ್ಣಾ’ ಎಂದು ಎರಡು ಸಲ ಕರೆದರು. ಆ ಗಳಿಗೆಯಲ್ಲಿ ಯಾರಾದರೂ ನನ್ನನ್ನು ಕಟಕಟೆಯಲ್ಲಿ ನಿಲ್ಲಿಸಿ ಕೇಳಿದ್ದರೆ, ಆ ನಕ್ಷತ್ರದ ಬೆಳಕು ಕುಗ್ಗಿದ್ದು ನಿಜ ಎಂದು ಆಣೆ ಮಾಡಿ ಹೇಳುತ್ತಿದ್ದೆ. ಆಮೇಲೆ ನಡೆದದ್ದನ್ನು ಆದಷ್ಟೂ ಕ್ರಮವಾಗಿ ಬರೆಯುತ್ತೇನೆ. ಈಗಲೂ ಒಂದೆರಡು ಕಡೆ ಕೈ ತಾನಾಗಿ ನಿಲ್ಲುತ್ತದೆ.

ನಾನು ತುಮಕೂರಿನ ಒಂದು ಕಾಲೇಜಿನ ಭೌತಶಾಸ್ತ್ರ ವಿಭಾಗದಲ್ಲಿ ಉಪಕರಣಗಳನ್ನು ನೋಡಿಕೊಳ್ಳುವವನು. ಗುಬ್ಬಿಯಿಂದ ದಿನಾ ಬಸ್ಸಿನಲ್ಲಿ ಓಡಾಟ. ಮೇಡಂ ಅದೇ ವಿಭಾಗದ ಉಪನ್ಯಾಸಕಿ, ಕುಣಿಗಲ್ಲಿನವರು, ವಯಸ್ಸಿನಲ್ಲಿ ನನಗಿಂತ ಚಿಕ್ಕವರು. ಹುಲಿಯೂರುದುರ್ಗದ ಹತ್ತಿರ ಊರಿನ ದೀಪಗಳಿಂದ ದೂರ ಕಾಲೇಜಿಗೆ ಒಂದು ತುಂಡು ಜಮೀನಿದೆ. ಅಲ್ಲಿ ಚಾವಣಿ ಪಕ್ಕಕ್ಕೆ ಜಾರುವಂಥ ಒಂದು ಕೊಠಡಿ, ಒಳಗೆ ಒಂದು ದೂರದರ್ಶಕ. ನಮ್ಮ ಕೆಲಸವೆಲ್ಲ ಅಲ್ಲಿ.

ಕೆಲಸ ಏನೆಂದು ಸರಳವಾಗಿ ಹೇಳಬಹುದು. ಆಕಾಶವನ್ನು ಸದಾ ಗಮನಿಸುವ ಉಪಗ್ರಹಗಳು ಕೆಲವು ನಕ್ಷತ್ರಗಳ ಬೆಳಕು ಆಗಾಗ ಒಂದಿಷ್ಟೇ ಕುಗ್ಗುವುದನ್ನು ಪತ್ತೆ ಮಾಡುತ್ತವೆ. ನಕ್ಷತ್ರದ ಮುಂದೆ ಅದರ ಗ್ರಹ ಹಾದುಹೋದರೆ ಹಾಗಾಗುತ್ತದೆ. ಆದರೆ ಉಪಗ್ರಹದ ಕ್ಯಾಮೆರಾದ ಒಂದೊಂದು ಪಿಕ್ಸೆಲ್ಲಿಗೂ ಆಕಾಶದ ದೊಡ್ಡ ತುಂಡು ಬೀಳುತ್ತದೆ, ಅದರೊಳಗೆ ಎರಡು ಮೂರು ನಕ್ಷತ್ರಗಳು ಸೇರಿಕೊಂಡಿರಬಹುದು. ಕುಗ್ಗಿದ್ದು ಯಾವುದರ ಬೆಳಕು ಎಂದು ನೆಲದ ಮೇಲಿನವರು ನೋಡಿ ಹೇಳಬೇಕು. ಬೇರೆ ಬೇರೆ ದೇಶಗಳ ವೀಕ್ಷಕರು ಈ ಕೆಲಸವನ್ನು ಹಂಚಿಕೊಂಡು ಮಾಡುತ್ತಾರೆ. ಆ ಗುಂಪಿನಲ್ಲಿ ಮೇಡಂ ಕೂಡ ಇದ್ದರು. ಒಂದು ನಕ್ಷತ್ರ ಅವರ ಪಾಲಿಗೆ ಬಂದಿತ್ತು, ಏಕೆಂದರೆ ಅದು ಕುಗ್ಗುವ ಹೊತ್ತಿಗೆ ಕತ್ತಲಾಗಿರುವ ದೇಶಗಳಲ್ಲಿ ನಮ್ಮದೂ ಒಂದು.

ಮೇಡಂಗೆ ಅದು ಬರೀ ಒಂದು ನಕ್ಷತ್ರವಾಗಿರಲಿಲ್ಲ. ಅವರ ಪಿಎಚ್.ಡಿ.ಗೆ ಸಿಕ್ಕಿದ್ದ ಕೊನೆಯ ವಿಸ್ತರಣೆ ಆ ವರ್ಷಕ್ಕೆ ಮುಗಿಯುತ್ತಿತ್ತು. ಹಳೆಯ ಕ್ಯಾಮೆರಾದಲ್ಲಿ ಮಾಡಿದ ವೀಕ್ಷಣೆಗಳಲ್ಲಿ ಒಂದೂ ಸ್ಪಷ್ಟವಾಗಿ ಬಂದಿರಲಿಲ್ಲ. ಒಂದು ಗ್ರಹವಾದರೂ ನಿಮ್ಮ ಕೈಯಲ್ಲಿ ಖಚಿತವಾದರೆ ಪ್ರಬಂಧ ಗಟ್ಟಿಯಾಗಿ ನಿಲ್ಲುತ್ತದೆ, ಇಲ್ಲವಾದರೆ ನನ್ನಿಂದ ಏನೂ ಮಾಡಲಾಗುವುದಿಲ್ಲ ಎಂದು ಅವರ ಗೈಡ್ ಹೇಳಿಬಿಟ್ಟಿದ್ದರು.

ಅಷ್ಟರಲ್ಲಿ ಹೊಸ ಕ್ಯಾಮೆರಾ ಬಂತು. ಹಳೆಯದು ಸಿಸಿಡಿ ಬಗೆಯದು. ಅದರಲ್ಲಿ ಬೆಳಕು ಬಿದ್ದ ಕಡೆ ಹುಟ್ಟಿದ ಚಾರ್ಜನ್ನು ಪಿಕ್ಸೆಲ್ಲಿನಿಂದ ಪಿಕ್ಸೆಲ್ಲಿಗೆ ದಾಟಿಸುತ್ತಾ ಒಂದು ಮೂಲೆಗೆ ತಂದು ಅಲ್ಲಿ ಅಳೆಯುತ್ತಾರೆ, ಮನೆ ಕಟ್ಟುವಾಗ ಮೋಲ್ಡಿಂಗ್ ದಿನ ಕಾಂಕ್ರೀಟಿನ ಬಾಂಡ್ಲಿಯನ್ನು ಕೈಯಿಂದ ಕೈಗೆ ದಾಟಿಸುವ ಹಾಗೆ. ಹೊಸದು ಸಿಮಾಸ್ ಬಗೆಯದು. ಅದರಲ್ಲಿ ಪ್ರತಿ ಪಿಕ್ಸೆಲ್ಲಿಗೂ ಅಳೆಯುವ ಏರ್ಪಾಡು ಅದರ ಒಳಗೇ ಶುರುವಾಗುತ್ತದೆ, ದಾಟಿಸುವ ಕೆಲಸವೇ ಇಲ್ಲ. ಇಂಥ ಸೆನ್ಸರುಗಳು ಮೊದಲು ಫೋನುಗಳಿಗೆ ಬಂದವು. ಆಗ ನಕ್ಷತ್ರ ನೋಡುವವರು ಅವನ್ನು ಹತ್ತಿರ ಸೇರಿಸುತ್ತಿರಲಿಲ್ಲ. ಈಗ ಬೆಳಕು ತಂತಿಗಳ ಕಡೆಯಿಂದ ಬೀಳದೆ ಹಿಂಬದಿಯಿಂದ ಬೀಳುವಂತೆ ಮಾಡಿದ್ದಾರೆ, ಹಾಗಾಗಿ ಬಂದ ಬೆಳಕಿನ ಬಹುಪಾಲು ಲೆಕ್ಕಕ್ಕೆ ಸಿಗುತ್ತದೆ. ಅಳತೆಯನ್ನು ಓದುವಾಗ ಸೇರಿಕೊಳ್ಳುವ ಏರುಪೇರು, ನಾವು ಗದ್ದಲ ಅನ್ನುವುದು, ಹಳೆಯದರ ಮುಂದೆ ಇಲ್ಲವೆನ್ನುವಷ್ಟು ಕಡಿಮೆ. ಪಿಕ್ಸೆಲ್ ಚಿಕ್ಕದಾದ್ದರಿಂದ ಹಳೆಯದರಲ್ಲಿ ಒಂದೇ ಮುದ್ದೆಯಾಗಿ ಕಾಣುತ್ತಿದ್ದ ಜೋಡಿ ನಕ್ಷತ್ರಗಳು ಇದರಲ್ಲಿ ಬಿಡಿಬಿಡಿಯಾಗಿ ಕಂಡವು. ಚಿಕ್ಕ ಪಿಕ್ಸೆಲ್ಲಿನ ಮುಂದೆ ಚಿಕ್ಕ ಧೂಳೂ ದೊಡ್ಡದೇ ಎಂಬುದನ್ನು ನಾನು ಓದಿದ್ದೆ, ಆದರೆ ಅದನ್ನು ಇನ್ನೂ ನೋಡಿರಲಿಲ್ಲ.

ಮುಂದಿನದು ಅರ್ಥವಾಗಬೇಕಾದರೆ ಇನ್ನೊಂದು ವಿಷಯ ಹೇಳಬೇಕು. ಯಾವ ಸೆನ್ಸರೂ ಎಲ್ಲ ಕಡೆ ಒಂದೇ ಸಮ ಇರುವುದಿಲ್ಲ. ಅದಕ್ಕೆ ಸೂರ್ಯ ಮುಳುಗಿದ ಮೇಲೆ, ನಕ್ಷತ್ರ ಕಾಣುವ ಮೊದಲು, ಬರೀ ಆಕಾಶದ ಚಿತ್ರಗಳನ್ನು ತೆಗೆಯುತ್ತೇವೆ. ದೂರದರ್ಶಕ ನೋಡುವಷ್ಟು ಜಾಗದಲ್ಲಿ ಆ ಹೊತ್ತಿನ ಆಕಾಶ ಒಂದೇ ಸಮ ಬೆಳಗಿರುತ್ತದೆ. ಆದ್ದರಿಂದ ಚಿತ್ರದಲ್ಲಿ ಎಲ್ಲಿ ಮಬ್ಬಾಗಿ ಕಂಡರೂ ಅದು ನಮ್ಮ ಉಪಕರಣದ್ದು. ನಕ್ಷತ್ರದ ಚಿತ್ರವನ್ನು ಇದರಿಂದ ಭಾಗಿಸಿದರೆ ಮಬ್ಬು ಕಳೆಯುತ್ತದೆ. ಇದನ್ನು ಫ್ಲ್ಯಾಟ್ ಅನ್ನುತ್ತೇವೆ. ಹೊಸ ಕ್ಯಾಮೆರಾ ಕೂರಿಸಿದ ವಾರವೇ ಒಳ್ಳೆಯ ಫ್ಲ್ಯಾಟುಗಳು ಸಿಕ್ಕಿದವು. ಅದಾದ ಮೇಲೆ ಆಯುಧಪೂಜೆ ಬಂತು.

ನಮ್ಮ ವಿಭಾಗದ ಮುಖ್ಯಸ್ಥರು ಹಿರಿಯರು, ಮಠದ ಹಾಸ್ಟೆಲಿನಲ್ಲಿದ್ದು ಓದಿದವರು. ಹಣೆಯ ಮೇಲೆ ವಿಭೂತಿ ಇಲ್ಲದೆ ಅವರನ್ನು ನಾನು ನೋಡಿದ್ದೇ ಇಲ್ಲ. ಪೂಜೆಯ ದಿನ ಲ್ಯಾಬಿನ ಉದ್ದ ಮೇಜಿನ ಮೇಲೆ ಎಲ್ಲ ಉಪಕರಣಗಳನ್ನೂ ಸಾಲಾಗಿ ಇಡಿಸುತ್ತಾರೆ. ಸ್ಕ್ರೂಗೇಜಿಗೂ ಒಂದು ಸೇವಂತಿಗೆ ಸಿಗುತ್ತದೆ. ಕ್ಯಾಮೆರಾ ಹುಲಿಯೂರುದುರ್ಗದಲ್ಲಿದೆ, ಬಿಚ್ಚುವುದು ಬೇಡ ಎಂದು ನಾನು ಹೇಳಿ ನೋಡಿದೆ.

“ಮನೆಗೆ ಬಂದ ಹೊಸ ಸೊಸೇನ ಹಬ್ಬದ ದಿನ ತೋಟದ ಮನೇಲಿ ಬಿಡ್ತಾರೇನ್ರೀ? ತಗೊಂಡ್ ಬನ್ನಿ,” ಅಂದರು.

ಬಿಚ್ಚಿಕೊಂಡು ಬಂದೆ. ಸೆನ್ಸರಿನ ಮುಂದಿನ ಗಾಜಿಗೆ ಕಪ್ಪು ಮುಚ್ಚಳ ಹಾಕಿಯೇ ಮೇಜಿನ ನಡುವೆ ಇಟ್ಟೆ. ಮುಖ್ಯಸ್ಥರು ಪ್ರತಿಯೊಂದಕ್ಕೂ ವಿಭೂತಿ ಎಳೆಯುತ್ತಾ ಬಂದವರು ಅದರ ಮುಂದೆ ನಿಂತರು.

“ಇದರ ಕಣ್ಣು ಎಲ್ಲಿ?”

“ಮುಚ್ಚಳದ ಒಳಗಡೆ ಸರ್,” ಅಂದರು ಮೇಡಂ.

“ಮುಖ ಮುಚ್ಕೊಂಡಿರೋರಿಗೆ ಯಾರಾದ್ರೂ ಮಂಗಳಾರತಿ ಎತ್ತುತಾರೇನಮ್ಮ?”

ಎಲ್ಲರೂ ನಕ್ಕರು. ಅವರೇ ಮುಚ್ಚಳ ತೆಗೆದರು. ಗಾಜನ್ನು ಮುಟ್ಟಲಿಲ್ಲ, ಇದು ನನಗೆ ಚೆನ್ನಾಗಿ ನೆನಪಿದೆ. ಸುತ್ತಲಿನ ಲೋಹದ ಬಳೆಗೆ ಮೂರು ಬೆರಳಿನಿಂದ ವಿಭೂತಿ ಹಚ್ಚಿ, ಬೆರಳು ಕೊಡವಿ, ಕರ್ಪೂರ ಬೆಳಗಿದರು. ನಾವೆಲ್ಲ ಕೈಮುಗಿದೆವು. ಮರುದಿನ ಬಳೆಯನ್ನು ಒರೆಸಿ, ಕ್ಯಾಮೆರಾವನ್ನು ದೂರದರ್ಶಕಕ್ಕೆ ಗುರುತಿಗೆ ಗುರುತು ಸೇರಿಸಿ ಮೊದಲಿನ ಹಾಗೇ ಕೂರಿಸಿದೆ. ನಕ್ಷತ್ರವೊಂದನ್ನು ತೋರಿಸಿ ಫೋಕಸ್ ಮಾಡಿದೆ. ಎಲ್ಲ ಸರಿಯಾಗಿತ್ತು.

ನಕ್ಷತ್ರ ಕುಗ್ಗಬೇಕಾಗಿದ್ದ ಸಂಜೆ ಹೊಸ ಫ್ಲ್ಯಾಟ್ ತೆಗೆಯಬೇಕೆಂದಿದ್ದೆವು. ಪಡುವಲಲ್ಲಿ ಮೋಡ ನಿಂತು ಆ ಹೊತ್ತು ಕಳೆದುಹೋಯಿತು. ಕತ್ತಲಾದ ಮೇಲೆ ಮೋಡ ಸರಿದು ಆಕಾಶ ತೊಳೆದ ಹಾಗಾಯಿತು. ಆದರೆ ದೂರದರ್ಶಕವನ್ನು ಒಂದೇ ಕಡೆ ನಿಲ್ಲಿಸಿಕೊಳ್ಳುವ ಚಿಕ್ಕ ಕ್ಯಾಮೆರಾದ ಕೇಬಲ್ ಕೈಕೊಟ್ಟಿತು. ಅದಿಲ್ಲದೆ ನಕ್ಷತ್ರ ಸೆನ್ಸರಿನ ಮೇಲೆ ಒಂದೇ ಜಾಗದಲ್ಲಿ ನಿಲ್ಲದೆ ನಿಧಾನಕ್ಕೆ ಒಂದು ಪಕ್ಕಕ್ಕೆ ಜರುಗುತ್ತದೆ. ಫ್ಲ್ಯಾಟ್ ಸರಿಯಾಗಿದ್ದರೆ ಜರುಗಿದರೂ ನಷ್ಟವಿಲ್ಲ. ಹಳೆಯ ಫ್ಲ್ಯಾಟ್ ಇದೆಯಲ್ಲ ಎಂದುಕೊಂಡು ಶುರುಮಾಡಿದೆವು. ಕುಗ್ಗುವ ವೇಳೆ ಇಷ್ಟೇ ಎಂದು ನಿಖರವಾಗಿ ಗೊತ್ತಿರಲಿಲ್ಲ, ಒಂದು ಗಂಟೆ ಆಚೀಚೆ ಆಗಬಹುದಿತ್ತು. ಆ ಅವಧಿಯ ಒಳಗೇ, ನಿರೀಕ್ಷಿಸಿದಷ್ಟೇ ಆಳಕ್ಕೆ, ಬಿಂದುಗಳ ಸಾಲು ಇಳಿಯಿತು. ನೂರರಲ್ಲಿ ಒಂದು ಪಾಲು.

ಮೇಡಂ ಅಲ್ಲಿಂದಲೇ ಮುಖ್ಯಸ್ಥರಿಗೆ ಫೋನು ಮಾಡಿದರು. ಬರುವಾಗ ಕುಣಿಗಲ್ಲಿನಲ್ಲಿ ತಮ್ಮ ಅಮ್ಮನಿಗೂ ಹೇಳಿದರು. ಅಮ್ಮ ಅವರ ಬೀದಿಗೆಲ್ಲ ಹೇಳಿದರು.

ಮರುದಿನ ಮುಖ್ಯಸ್ಥರು ನನ್ನನ್ನು ಕರೆದರು. “ಗ್ರಹದ್ದು ಒಂದು ಫೋಟೋ ಕೊಡಿ. ಗೇಟಿಗೆ ಫ್ಲೆಕ್ಸ್ ಹಾಕಿಸ್ತಿದೀನಿ.”

“ಸರ್, ಗ್ರಹ ಕಾಣಲ್ಲ. ನಕ್ಷತ್ರದ ಬೆಳಕು ಕಮ್ಮಿ ಆಗಿರೋದಷ್ಟೇ ಗೊತ್ತಾಗೋದು.”

“ಹಂಗಾದ್ರೆ ನಕ್ಷತ್ರದ್ದೇ ಕೊಡ್ರೀ. ದೊಡ್ಡದಾಗಿರ್ಲಿ, ರೋಡಿಗೆ ಕಾಣ್ಬೇಕು.”

ಚಿತ್ರ ಚೆನ್ನಾಗಿ ಕಾಣಲಿ ಎಂದು ಆ ಸಂಜೆಯ, ಫ್ಲ್ಯಾಟಿನಿಂದ ಭಾಗಿಸಿದ ಒಂದು ಚಿತ್ರವನ್ನು ತೆರೆದು ಕಪ್ಪು ಬಿಳುಪಿನ ಅಂತರವನ್ನು ಬಹಳ ಏರಿಸಿದೆ. ನಕ್ಷತ್ರಗಳ ಹಿಂದಿನ ಕಪ್ಪು ಆಕಾಶ ಬೂದುಬಣ್ಣಕ್ಕೆ ತಿರುಗಿತು. ಅದರೊಳಗೆ ಬಳೆಯಂಥ ಮಸುಕು ಉಂಗುರಗಳು ಕಂಡವು. ಮೂರು ಸಣ್ಣವು, ಒಂದು ದೊಡ್ಡದು. ಸೆನ್ಸರಿನ ಮುಂದಿನ ಗಾಜಿನ ಮೇಲೆ ಧೂಳು ಕೂತರೆ ಅದರ ನೆರಳು ಹೀಗೇ ಉಂಗುರವಾಗಿ ಬೀಳುತ್ತದೆ. ಫ್ಲ್ಯಾಟಿನಲ್ಲೂ ಆ ಉಂಗುರ ಇದ್ದಿದ್ದರೆ ಭಾಗಿಸಿದಾಗ ಕಳೆದುಹೋಗಬೇಕಿತ್ತು. ಫ್ಲ್ಯಾಟ್ ತೆರೆದು ನೋಡಿದೆ. ಅಲ್ಲಿ ಉಂಗುರಗಳಿರಲಿಲ್ಲ. ಅಂದರೆ ಧೂಳು ಬಂದಿದ್ದು ಫ್ಲ್ಯಾಟ್ ತೆಗೆದ ಮೇಲೆ.

ಆಮೇಲೆ ಪ್ರತಿ ಚಿತ್ರದಲ್ಲೂ ನಕ್ಷತ್ರ ಎಲ್ಲಿತ್ತೆಂದು ತೆಗೆದು, ಆ ಜಾಗಗಳನ್ನೆಲ್ಲ ಒಂದೇ ಚಿತ್ರದ ಮೇಲೆ ಗುರುತು ಹಾಕಿದೆ. ಗುರುತುಗಳ ಸಾಲು ಓರೆಯಾಗಿ ಸಾಗಿ, ದೊಡ್ಡ ಉಂಗುರದ ಅಂಚನ್ನು ಹೊಕ್ಕು, ಆಚೆ ಹೊರಬಂದಿತ್ತು. ಹೊಕ್ಕಾಗ ಬೆಳಕು ಇಳಿದಿತ್ತು. ಹೊರಬಂದಾಗ ಏರಿತ್ತು.

ಮೇಡಂ ಕ್ಲಾಸು ಮುಗಿಸಿ ಬಂದಾಗ ಪರದೆ ತೋರಿಸಿದೆ. ಅವರು ನಿಂತೇ ನೋಡಿದರು. ಅಷ್ಟು ಹೊತ್ತಿಗೆ ಗೇಟಿನಲ್ಲಿ ಫ್ಲೆಕ್ಸ್ ಕಟ್ಟುತ್ತಿದ್ದರು. ನನ್ನ ಚಿತ್ರಕ್ಕೆ ಕಾಯದೆ ಅಂಗಡಿಯವನೇ ಎಲ್ಲಿಂದಲೋ ಶನಿಗ್ರಹದ ಚಿತ್ರ ಹುಡುಕಿ ಹಾಕಿದ್ದ. ಅದರ ಕೆಳಗೆ ಮೇಡಂ ಮತ್ತು ಮುಖ್ಯಸ್ಥರ ಫೋಟೋ, ಹೊಸ ಗ್ರಹ ಕಂಡುಹಿಡಿದುದಕ್ಕೆ ಅಭಿನಂದನೆ.

ಅವತ್ತು ಸಂಜೆಯೇ ಇಬ್ಬರೂ ಹುಲಿಯೂರುದುರ್ಗಕ್ಕೆ ಹೋದೆವು. ದಾರಿಯಲ್ಲಿ ಮೇಡಂ ಫೋನಿನಲ್ಲಿ ಪೂಜೆಯ ಫೋಟೋಗಳನ್ನು ನೋಡುತ್ತಿದ್ದರು. ಒಂದರಲ್ಲಿ ಮುಚ್ಚಳ ತೆಗೆದ ಕ್ಯಾಮೆರಾ, ಅದರ ಮೇಲೆ ಮುಖ್ಯಸ್ಥರ ಕೈ. ಫೋಟೋವನ್ನು ನನ್ನ ಕಡೆ ಹಿಡಿದರು. ಬೆರಳುಗಳಲ್ಲಿ ವಿಭೂತಿ ಬೆಳ್ಳಗೆ ಕಾಣುತ್ತಿತ್ತು.

ಕೊಠಡಿಯ ಬಾಗಿಲು ತೆಗೆದವನೇ ನಾನು ಗಾಳಿ ಊದುವ ರಬ್ಬರಿನ ಬ್ಲೋವರನ್ನೂ ಗಾಜು ಒರೆಸುವ ಬಟ್ಟೆಯನ್ನೂ ಹೊರಗಿಟ್ಟೆ. ಉಪಕರಣದಲ್ಲಿ ಕೊಳೆ ಕಂಡರೆ ತೆಗೆಯುವುದು ನನ್ನ ಅಭ್ಯಾಸ. ಕ್ಯಾಮೆರಾದ ತಿರುಪಿಗೆ ಕೈ ಹಾಕಿದೆ.

“ಮುಟ್ಬೇಡಿ ಅಣ್ಣ,” ಅಂದರು ಮೇಡಂ.

“ಇವತ್ತೇ ಕ್ಲೀನ್ ಮಾಡಿದ್ರೆ ಮುಂದಿನ್ ಸಲಕ್ಕೆ...”

“ಮುಂದಿನ್ ಸಲ ಯಾವಾಗ? ಈ ನಕ್ಷತ್ರ ನಮ್ಗೆ ಸರಿಯಾದ್ ಟೈಮಿಗೆ ಸಿಗೋದು ಇನ್ನು ಬರೋ ವರ್ಷ. ಅಲ್ಲೀವರ್ಗೂ ನಂಗೆ ಟೈಮ್ ಇಲ್ಲ.” ಅವರು ಸ್ಟೂಲಿನ ಮೇಲೆ ಕೂತರು. “ಇರೋದು ಆ ಒಂದ್ ಸಂಜೆ ಡೇಟಾ. ಅವತ್ತು ಧೂಳು ಹೆಂಗಿತ್ತೋ ಹಂಗೇ ಇದ್ರೆ ಮಾತ್ರ ಅದುನ್ನ ಸರಿಮಾಡ್ಬೋದು. ಈಗ ಒರೆಸಿಬಿಟ್ರೆ ಕುಗ್ಗಿದ್ದು ನಕ್ಷತ್ರನಾ ಬೂದಿನಾ ಅಂತ ಯಾವತ್ತೂ ಗೊತ್ತಾಗಲ್ಲ.”

ನಾನು ತಿರುಪಿನಿಂದ ಕೈ ತೆಗೆದೆ. ಎರಡೂ ಆಗಿರಬಹುದು ಎಂಬುದು ಆಗ ಹೊಳೆಯಿತು. ನಕ್ಷತ್ರವೂ ಕುಗ್ಗಿರಬಹುದು, ಉಂಗುರವೂ ಅಡ್ಡ ಬಂದಿರಬಹುದು.

ಮೇಡಂ ಕೇಳಿದರು. “ಅಣ್ಣ, ನಾವು ಇದುನ್ನ ನೋಡ್ಲೇ ಇಲ್ಲ ಅಂದ್ಕೊಂಡು ಇರೋ ಗ್ರಾಫೇ ಕಳಿಸಿದ್ರೆ?”

“ಬೇರೆ ಯಾರಾದ್ರೂ ನೋಡಿದಾಗ ಗೊತ್ತಾಗತ್ತೆ ಮೇಡಂ.”

“ಅದಕ್ಕೆ ಒಂದೆರಡ್ ವರ್ಷ ಆಗತ್ತೆ. ಅಷ್ಟೊತ್ತಿಗೆ ನಂದು ಮುಗಿದಿರತ್ತೆ.”

ಪರದೆಯ ಮೇಲೆ ಇಳಿದ ಆ ಸಾಲು ಸುಳ್ಳಾಗಬಾರದು ಎಂದು ನನಗೂ ಆಸೆಯಿತ್ತು.

“ಬ್ಲೋವರ್ ಒಳಗಿಡಿ,” ಅಂದರು. “ಫ್ಲ್ಯಾಟ್ ತೆಗಿಯೋಣ.”

ತೆಗೆಯುವುದು ಸುಲಭವಾಗಲಿಲ್ಲ. ಹಿಂಗಾರಿನ ಮೋಡ ಬಂದು ಕೂತಿತು. ಹಗಲೆಲ್ಲ ಬಿಸಿಲು, ಸಂಜೆಯಾಗುತ್ತಲೇ ಮೋಡ. ನಾವು ಕಾಲೇಜು ಮುಗಿಸಿ ಹೊರಟು, ಚಾವಣಿ ಸರಿಸಿ, ಕಾದು, ಚಾವಣಿ ಎಳೆದುಕೊಂಡು ವಾಪಸ್ ಬರುತ್ತಿದ್ದೆವು. ಪ್ರತಿ ಸಲ ದೂರದರ್ಶಕವನ್ನು ಅಲುಗಿಸುವಾಗಲೂ ನನಗೆ ಭಯ. ಗಾಜಿಗೆ ಅಂಟಿಕೊಂಡ ಬೂದಿ ಉದುರಿದರೆ ಮುಗಿಯಿತು. ಗಾಳಿಯಲ್ಲಿ ತೇವ ಬೇರೆ. ಗದ್ದಲ ತಗ್ಗಲೆಂದು ಸೆನ್ಸರನ್ನು ತಣ್ಣಗಿಡುತ್ತೇವೆ, ಆದರೆ ಈಗ ಮಾಮೂಲಿನಷ್ಟು ತಣ್ಣಗೆ ಮಾಡಿದರೆ ಗಾಜಿನ ಮೇಲೆ ಇಬ್ಬನಿ ಕೂತು ಬೂದಿ ಕಲಸಿಹೋಗುವ ಅಪಾಯವಿತ್ತು. ಹಾಗಾಗಿ ಅದನ್ನು ಅಷ್ಟು ತಣ್ಣಗೆ ಮಾಡದೆ ಬಿಟ್ಟೆ. ಫ್ಲ್ಯಾಟಿಗೆ ಅದರಿಂದ ತೊಂದರೆಯಿಲ್ಲ, ಬೆಳಕಿಲ್ಲದ ಚಿತ್ರಗಳನ್ನು ಅದೇ ಬಿಸಿಯಲ್ಲಿ ತೆಗೆದು ಕಳೆದರೆ ಸಾಕು.

ಆಕಾಶ ಬಿಡದಿದ್ದಾಗ ಮೇಡಂ ಇನ್ನೊಂದು ದಾರಿ ನೋಡಿದರು. ದೂರದರ್ಶಕದ ಬಾಯಿಗೆ ಬಿಳಿ ಬಟ್ಟೆ ಬಿಗಿದು ಹಗಲ ಬೆಳಕಿನಲ್ಲಿ ಫ್ಲ್ಯಾಟ್ ತೆಗೆಯುವ ರೂಢಿಯೂ ಇದೆ. ಕುಣಿಗಲ್ಲಿನ ಮನೆಯಿಂದ ಪಂಚೆ ತರಲು ಹೋದೆವು. ಅಮ್ಮ ಪೆಟ್ಟಿಗೆಯಿಂದ ಒಂದು ಮಡಿ ಪಂಚೆ ತೆಗೆದು ಕೊಟ್ಟರು.

“ಏನಪ್ಪ, ಗ್ರಹಕ್ಕೆ ಪಂಚೆ ಉಡುಸ್ತೀರಾ?” ಎಂದು ನನ್ನನ್ನು ಕೇಳಿದರು.

“ದೂರದರ್ಶಕಕ್ಕಮ್ಮ.”

“ಉಡ್ಸಿ ಉಡ್ಸಿ. ಎದುರ್ಮನೆಯೋಳು ದಿನಾ ಕೇಳ್ತವ್ಳೆ, ನಿಮ್ ಹುಡ್ಗಿ ಗ್ರಹ ಪೇಪರ್‌ನಾಗೆ ಯಾವಾಗ ಬತ್ತದೆ ಅಂತ. ಹೇಳೇ, ಯಾವಾಗ್ ಬತ್ತದೆ?”

“ಬರತ್ತೆ ಇರಮ್ಮ,” ಎಂದು ಮೇಡಂ ಹೊರಗೆ ನಡೆದರು.

ಪಂಚೆಯ ಫ್ಲ್ಯಾಟ್ ನೋಡಲು ಚೆನ್ನಾಗಿತ್ತು, ಆದರೆ ನಂಬುವ ಹಾಗಿರಲಿಲ್ಲ. ಬಟ್ಟೆಯನ್ನು ಎಷ್ಟು ಬಿಗಿದರೂ ಒಂದು ಕಡೆ ಬೆಳಕು ಹೆಚ್ಚು. ಒಗೆಯುವಾಗ ಹಾಕಿದ ನೀಲಿ ಒಂದೇ ಸಮ ಹಿಡಿದಿರಲಿಲ್ಲ. ಉಂಗುರದ ಆಳ ಒಂದು ಚಿತ್ರದಲ್ಲಿ ಒಂದು ಬಗೆ, ಇನ್ನೊಂದರಲ್ಲಿ ಇನ್ನೊಂದು ಬಗೆ. ನಮಗೆ ಬೇಕಾಗಿದ್ದು ನೂರರಲ್ಲಿ ಒಂದು ಪಾಲಿಗಿಂತ ಬಹಳ ಸೂಕ್ಷ್ಮ. ಆ ಚಿತ್ರಗಳನ್ನು ಮೇಡಂ ನನ್ನ ಎದುರೇ ಅಳಿಸಿದರು. ಅದರಲ್ಲಿ ಒಂದನ್ನು ಬಳಸಿದರೆ ಇಳಿತ ಅರ್ಧದಷ್ಟು ಉಳಿಯುತ್ತಿತ್ತು. ಅದನ್ನು ಅವರೂ ನೋಡಿದ್ದರು, ನಾನೂ ನೋಡಿದ್ದೆ.

ಅಷ್ಟರಲ್ಲಿ ಮುಖ್ಯಸ್ಥರ ಫೋನು. ರಾಜ್ಯೋತ್ಸವದ ವಸ್ತುಪ್ರದರ್ಶನಕ್ಕೆ ಕ್ಯಾಮೆರಾ ವೇದಿಕೆಯ ಮೇಲೆ ಇರಬೇಕು, ಬಿಚ್ಚಿ ತನ್ನಿ ಎಂದರು. ಹುಲಿಯೂರುದುರ್ಗದಿಂದ ತುಮಕೂರಿನವರೆಗೆ ಆ ರಸ್ತೆಯ ಹಂಪುಗಳಲ್ಲಿ ಅದನ್ನು ತಂದರೆ ಬೂದಿ ಇದ್ದ ಜಾಗದಲ್ಲಿ ಉಳಿಯುವುದಿಲ್ಲ. ಮೇಡಂ ನನ್ನ ಕೈಯಿಂದ ಫೋನು ತೆಗೆದುಕೊಂಡರು.

“ಸರ್, ಈಗ ಆಗಲ್ಲ.”

“ಯಾಕಮ್ಮ? ನಿನ್ನದೇ ಸಾಧನೆ ತೋರ್ಸೋಕೆ ಕೇಳ್ತಿರೋದು.”

“ಕೆಲಸ ಇನ್ನೂ ಮುಗಿದಿಲ್ಲ ಸರ್. ಮುಗಿದ್ಮೇಲೆ ನಾನೇ ಬಂದು ಹೇಳ್ತೀನಿ. ಅಲ್ಲೀವರ್ಗೂ ಬಿಚ್ಚಲ್ಲ.”

ಮುಖ್ಯಸ್ಥರಿಗೆ ಅವರು ಹಾಗೆ ಎದುರು ಹೇಳಿದ್ದನ್ನು ನಾನು ಅದಕ್ಕೆ ಮೊದಲು ಕೇಳಿರಲಿಲ್ಲ. ಪ್ರದರ್ಶನದಲ್ಲಿ ಹಳೆಯ ಸಿಸಿಡಿ ಕ್ಯಾಮೆರಾವನ್ನೇ ಇಟ್ಟರು. ಬಂದವರು ಅದರ ಜೊತೆ ಫೋಟೋ ತೆಗೆಸಿಕೊಂಡರಂತೆ.

ಕೊನೆಗೆ ಒಂದು ಸಂಜೆ ಆಕಾಶ ಬಿಟ್ಟಿತು. ಒಂದು ತುಣುಕೂ ಮೋಡವಿಲ್ಲ. ಫ್ಲ್ಯಾಟ್ ತೆಗೆಯುವ ಹೊತ್ತು ಬಹಳ ಚಿಕ್ಕದು. ಮೊದಲು ಬೆಳಕು ಹೆಚ್ಚಾಗಿ ಸೆನ್ಸರ್ ತುಂಬಿ ಹೋಗುತ್ತದೆ, ಕಾಯುತ್ತಾ ಕೂತರೆ ನಕ್ಷತ್ರ ಮೂಡಿಬಿಡುತ್ತವೆ. ದೂರದರ್ಶಕವನ್ನು ನೆತ್ತಿಯಿಂದ ಕೊಂಚ ಮೂಡಲಿಗೆ ತಿರುಗಿಸಿ ನಿಲ್ಲಿಸಿದೆ. ಮೇಡಂ ಪ್ರತಿ ಚಿತ್ರದ ಬೆಳಕನ್ನು ಓದಿ ಹೇಳುತ್ತಿದ್ದರು, ಬೆಳಕು ಇಳಿದಂತೆಲ್ಲ ನಾನು ಮುಂದಿನ ಚಿತ್ರದ ಅವಧಿಯನ್ನು ಹೆಚ್ಚಿಸುತ್ತಿದ್ದೆ. ಕಣ್ಣಿಗೆ ಕಾಣದ ನಕ್ಷತ್ರ ಎರಡು ಚಿತ್ರಗಳಲ್ಲಿ ಒಂದೇ ಜಾಗಕ್ಕೆ ಬೀಳದಿರಲೆಂದು ನಡುನಡುವೆ ದೂರದರ್ಶಕವನ್ನು ಕೂದಲೆಳೆಯಷ್ಟು ಸರಿಸುತ್ತಿದ್ದೆ. ಮಾತಿಲ್ಲ, ಸಂಖ್ಯೆಗಳು ಮಾತ್ರ. ಮೊದಲ ನಕ್ಷತ್ರ ಪರದೆಯಲ್ಲಿ ಚುಕ್ಕೆಯಾಗಿ ಕಂಡಾಗ ನಿಲ್ಲಿಸಿದೆವು. ಉಂಗುರಗಳು ನಾಲ್ಕೂ ಇದ್ದವು, ಇದ್ದ ಜಾಗದಲ್ಲೇ ಇದ್ದವು.

ಅದಾದ ಮೇಲೆ ಕ್ಯಾಮೆರಾ ಬಿಚ್ಚಿ ಟಾರ್ಚನ್ನು ಓರೆಯಾಗಿ ಹಿಡಿದೆ. ಗಾಜಿನ ಮೇಲೆ ಸೂಜಿಮೊನೆಯಷ್ಟು ಬಿಳಿ ಚುಕ್ಕೆಗಳಿದ್ದವು. ವಿಭೂತಿಯೇ ಎಂದು ಆಣೆ ಮಾಡಲಾರೆ, ಅದನ್ನು ಯಾರೂ ಪರೀಕ್ಷಿಸಿಲ್ಲ. ಬಣ್ಣ ಅದರದೇ, ಬಂದ ಹೊತ್ತೂ ಅದರದೇ. ಇಷ್ಟನ್ನು ಹೇಳಬಲ್ಲೆ.

ಮರುದಿನ ಲ್ಯಾಬಿನಲ್ಲಿ ಹೊಸ ಫ್ಲ್ಯಾಟಿನಿಂದ ಎಲ್ಲ ಚಿತ್ರಗಳನ್ನೂ ಭಾಗಿಸಿ ಮತ್ತೆ ಅಳೆದೆವು. ಬಿಂದುಗಳು ಪರದೆಯ ಮೇಲೆ ಎಡದಿಂದ ಬಲಕ್ಕೆ ಬಂದವು. ನೇರವಾಗಿ ಬಂದವು. ಎಲ್ಲಿ ಇಳಿದಿದ್ದವೋ ಅಲ್ಲಿಯೂ ನೇರವಾಗೇ ದಾಟಿದವು. ಮೇಡಂ ‘ಇನ್ನೊಂದ್ಸಲ’ ಅಂದರು. ಇನ್ನೊಂದು ಸಲ ಮಾಡಿದೆ. ಹೋಲಿಕೆಗೆ ಬೇರೆ ನಕ್ಷತ್ರಗಳನ್ನು ಹಿಡಿದು ಮೂರನೆಯ ಸಲವೂ ಮಾಡಿದೆ. ಇಳಿತ ಇರಲಿಲ್ಲ. ನಾನು ಕಣ್ಣಾರೆ ನೋಡಿದ್ದು ಪೂರ್ತಿ ಬೂದಿಯ ನೆರಳು.

ಮೇಡಂ ವಿಸ್ತರಣೆ, ಗೇಟಿನ ಫ್ಲೆಕ್ಸು ಎಲ್ಲ ಒಟ್ಟಿಗೆ ನೆನಪಾಯಿತು. ಅದಕ್ಕಿಂತ ಹೆಚ್ಚಾಗಿ, ಅಷ್ಟು ಖಚಿತವಾಗಿ ಕಂಡಿದ್ದು ಇಲ್ಲವೇ ಇಲ್ಲ ಎಂದರೆ ಇನ್ನು ಯಾವುದನ್ನು ನೋಡಿ ನಂಬುವುದು ಎನ್ನಿಸಿತು.

ಮೇಡಂ ಎದ್ದು ಹೋಗಿ ಮುಖ ತೊಳೆದು ಬಂದರು. ಬಂದು ಕೂತು, “ಅಕ್ಕಪಕ್ಕದ ನಕ್ಷತ್ರಗಳ್ನೂ ಅಳೆಯೋಣ,” ಅಂದರು. “ಇದು ಕುಗ್ಗಿಲ್ಲ ಅಂದ್ರೆ ಉಪಗ್ರಹ ನೋಡಿದ್ದೇನು? ಏನೋ ಒಂದು ಕುಗ್ಗಿರ್ಬೇಕಲ್ಲ.”

ಆ ನಕ್ಷತ್ರಕ್ಕೆ ಅಂಟಿಕೊಂಡ ಹಾಗೆ ಒಂದು ಮಸುಕು ನಕ್ಷತ್ರವಿತ್ತು. ಹಳೆಯ ಕ್ಯಾಮೆರಾದಲ್ಲಿ ಎರಡೂ ಸೇರಿ ಒಂದೇ ಬೊಟ್ಟು. ಹೊಸದರಲ್ಲಿ ನಡುವೆ ಕಪ್ಪು ಸಂದು ಕಾಣುತ್ತಿತ್ತು. ಉಂಗುರದ ಅಂಚು ಅದರ ದಾರಿಗೆ ಸಿಕ್ಕಿರಲಿಲ್ಲ. ಮೇಡಂ ಅದರ ಸುತ್ತ ಚಿಕ್ಕ ವೃತ್ತ ಹಾಕಿ ಅಳೆದರು. ಬಿಂದುಗಳು ಸ್ವಲ್ಪ ದೂರ ನೇರ ಬಂದು, ಆಮೇಲೆ ಕಡಿದಾಗಿ ಇಳಿದವು. ಮೂರರಲ್ಲಿ ಒಂದು ಪಾಲು ಬೆಳಕು ಹೋಗಿ, ತಳದಲ್ಲಿ ನಿಲ್ಲದೆ ಮತ್ತೆ ಏರಿತು.

ಗ್ರಹ ಅಷ್ಟು ಬೆಳಕನ್ನು ಮುಚ್ಚಲಾರದು. ಅದು ಒಂದನ್ನೊಂದು ಸುತ್ತುವ, ಒಂದನ್ನೊಂದು ಮರೆಮಾಡುವ ಎರಡು ನಕ್ಷತ್ರಗಳ ಜೋಡಿ. ಆ ಮಸುಕು ಜೋಡಿಯ ದೊಡ್ಡ ಇಳಿತ ಪಕ್ಕದ ಪ್ರಕಾಶಮಾನ ನಕ್ಷತ್ರದ ಬೆಳಕಿನಲ್ಲಿ ಬೆರೆತು ಉಪಗ್ರಹಕ್ಕೆ ನೂರರಲ್ಲಿ ಒಂದು ಪಾಲಿನ ಇಳಿತವಾಗಿ ಕಂಡಿತ್ತು. ಆ ಇಳಿತವನ್ನೂ ಮೂರು ಸಲ ಅಳೆದೆವು. ಮೂರು ಸಲವೂ ಇತ್ತು. ಗ್ರಹ ಇರಲಿಲ್ಲ.

ಮೇಡಂ ಗುಂಪಿಗೆ ಕಳಿಸುವ ಮೊದಲು ಮುಖ್ಯಸ್ಥರ ಕೊಠಡಿಗೆ ಹೋದರು. ನನ್ನನ್ನೂ ಬರಹೇಳಿದರು. ಎರಡೂ ಗ್ರಾಫುಗಳನ್ನು ಮೇಜಿನ ಮೇಲಿಟ್ಟು ನಡೆದದ್ದನ್ನೆಲ್ಲ ಹೇಳಿದರು. ಮುಖ್ಯಸ್ಥರು ಕೊನೆಯವರೆಗೂ ಕೇಳಿದರು.

“ವಿಭೂತಿನಾ?”

“ಹಾಗೇ ಕಾಣತ್ತೆ ಸರ್. ಅವತ್ತು ನಾವೆಲ್ರೂ ಅಲ್ಲೇ ಇದ್ವಿ.”

ಅವರು ಗ್ರಾಫನ್ನು ಹತ್ತಿರ ಹಿಡಿದು ನೋಡಿದರು. ಕೇಳಿದಾಗ ದನಿ ಸಣ್ಣದಾಗಿತ್ತು. “ಸ್ವಲ್ಪ ದಿನ ಯಾರಿಗೂ ಹೇಳ್ಬೇಡಮ್ಮ ಅಂದ್ರೆ?”

“ನೀವು ಹಂಗೆ ಹೇಳಲ್ಲ ಸರ್.”

ಮುಖ್ಯಸ್ಥರು ಗ್ರಾಫನ್ನು ಮೇಜಿನ ಮೇಲೆ ನೆಟ್ಟಗೆ ಇಟ್ಟರು. “ಇಲ್ಲ. ಹೇಳಲ್ಲ,” ಅಂದರು. ಆಮೇಲೆ ನನ್ನ ಕಡೆ ತಿರುಗಿ, “ಫ್ಲೆಕ್ಸ್ ಇಳಿಸೋಕೆ ಹೇಳ್ರೀ. ಅದ್ರಲ್ಲಿ ನನ್ ಫೋಟೋನೇ ಇವ್ರದಕ್ಕಿಂತ ದೊಡ್ಡದಾಗ್ ಹಾಕವ್ನೆ, ಹೆಂಗಿದ್ರೂ ಚೆನ್ನಾಗಿರ್ಲಿಲ್ಲ.”

ಬೂದಿಯ ವಿಷಯವನ್ನೂ ಬಿಡದೆ ಬರೆದು, ಎರಡೂ ಫ್ಲ್ಯಾಟುಗಳನ್ನು ಜೊತೆಗಿಟ್ಟು ಮೇಡಂ ವರದಿ ಕಳಿಸಿದರು. ಬೇರೊಂದು ದೇಶದ ವೀಕ್ಷಕರು ಆ ಮಸುಕು ನಕ್ಷತ್ರವನ್ನು ಮತ್ತೆ ನೋಡಿ ಅದೇ ಇಳಿತವನ್ನು ಕಂಡರು. ಗ್ರಹವಿರಬಹುದಾದ ನಕ್ಷತ್ರಗಳ ಪಟ್ಟಿಯಿಂದ ಅದನ್ನು ತೆಗೆದುಹಾಕಿದ್ದೇವೆ ಎಂದು ಎರಡು ಸಾಲಿನ ಉತ್ತರ ಬಂತು. ಗೈಡ್ ಫೋನಿನಲ್ಲಿ ಎಲ್ಲವನ್ನೂ ಕೇಳಿಸಿಕೊಂಡರಂತೆ. ಕೊನೆಗೆ, ಬರೆದು ತನ್ನಿ, ನೋಡೋಣ ಅಂದರಂತೆ. ಪ್ರಬಂಧ ಗಟ್ಟಿಯಾಗಿ ನಿಲ್ಲುತ್ತದೋ ಇಲ್ಲವೋ ಇದನ್ನು ಬರೆಯುವಾಗಲೂ ನಮಗೆ ಗೊತ್ತಿಲ್ಲ.

ಅದಾದ ವಾರ ಕ್ಯಾಮೆರಾವನ್ನು ಮತ್ತೆ ಕೂರಿಸಲು ಹೋಗುವಾಗ ಕುಣಿಗಲ್ಲಿನ ಮನೆಯಲ್ಲಿ ಇಳಿದೆವು. ಮೇಡಂ ಅಮ್ಮನಿಗೆ ಇನ್ನೂ ಹೇಳಿರಲಿಲ್ಲ. ಅಮ್ಮ ಕಾಫಿ ಲೋಟ ಕೈಗಿಟ್ಟು ಎದುರಿಗೆ ಕೂತರು.

“ಏನೇ, ನಿನ್ ಗ್ರಹಕ್ಕೆ ಹೆಸ್ರಿಟ್ರಾ?”

“ಇಲ್ಲ ಕಣಮ್ಮ. ಗ್ರಹ ಇಲ್ಲ.”

“ಇಲ್ಲ ಅಂದ್ರೆ? ಎಲ್ಲೋಯ್ತು?”

“ಎಲ್ಲೂ ಹೋಗ್ಲಿಲ್ಲ, ಮೊದ್ಲಿಂದ್ಲೂ ಇರ್ಲಿಲ್ಲ. ಪಕ್ಕದಲ್ಲಿ ಎರಡು ನಕ್ಷತ್ರ ಒಂದುಕ್ಕೊಂದು ಅಡ್ಡ ಬರ್ತಿದ್ವು. ಅದುನ್ನ ಗ್ರಹ ಅಂದ್ಕೊಂಡಿದ್ರು.”

“ಯಾರು ಅಂದ್ಕೊಂಡಿದ್ದು? ನೀನಾ?”

“ನಾನೂ ಅಂದ್ಕೊಂಡಿದ್ದೆ. ಬೇರೆ ದೇಶದೋರೂ ಇರ್ಬೋದು ಅಂತಿದ್ರು, ಉಪಗ್ರಹ ನೋಡ್ಕೊಳೋರು.”

ಅಮ್ಮ ಮುಂದಕ್ಕೆ ಬಾಗಿದರು. “ಮತ್ತೆ ಅಲ್ಲ ಅಂತ ಯಾರು ಕಂಡಿಡ್ದಿದ್ದು?”

ಮೇಡಂ ಲೋಟ ಕೆಳಗಿಟ್ಟರು. ನಾನು ಬಾಯಿ ತೆರೆಯಬೇಕೆಂದುಕೊಂಡೆ, ಆದರೆ ಅದು ಅವರೇ ಹೇಳಬೇಕಾದ ಮಾತು.

“ನಾನೇ ಅಮ್ಮ.”

“ಅವ್ರು ಒಪ್ಕೊಂಡ್ರಾ?”

“ಒಪ್ಕೊಂಡ್ರು.”

“ಅಯ್ಯೋ, ಮತ್ಯಾಕ್ ಸತ್ತೋರ್ ಮನೇಗ್ ಹೋಗ್ ಬಂದೋಳಂಗೆ ಕೂತಿದೀಯ? ಕಾಫಿ ಕುಡಿ.” ಅವರು ಎದ್ದು ಸೆರಗು ಸರಿಮಾಡಿಕೊಂಡರು. “ಎದುರ್ಮನೆಯೋಳಿಗೆ ಹೇಳ್ಬುಟ್ಟು ಬತ್ತೀನಿ. ಇಲ್ದಿದ್ರೆ ಅವ್ಳು ಇನ್ನೂ ಗ್ರಹ ಗ್ರಹ ಅಂತ ಬೀದಿ ತುಂಬಾ ಸಾರ್ಕೊಂಡ್ ಬತ್ತಾಳೆ.”

“ಅಮ್ಮ, ಬೇಡ ಬಿಡಮ್ಮ,” ಎಂದು ಮೇಡಂ ಎದ್ದರು. ಅಷ್ಟರಲ್ಲಿ ಅಮ್ಮ ಮೆಟ್ಟಿಲು ಇಳಿದಾಗಿತ್ತು. ಒಳಗಿದ್ದ ನಮ್ಮಿಬ್ಬರಿಗೂ ಬೀದಿಯಿಂದ ಅವರ ಗಂಟಲು ಸ್ಪಷ್ಟವಾಗಿ ಕೇಳಿಸಿತು.

“ಏ ಇವ್ಳೇ, ಬಾರೇ ಇಲ್ಲಿ! ಆ ಗ್ರಹ ಇಲ್ವಂತೆ ಕಣೇ. ಎಲ್ರೂ ಐತೆ ಐತೆ ಅಂತಿದ್ರಂತೆ. ನಮ್ ಹುಡ್ಗೀನೇ ನೋಡಿ ಇಲ್ಲ ಅಂತ ಹೇಳಿದ್ದು!”